7 ಮೈಲಿ ಡಾಂಬರು: ಅಯೋವಾದ ಒಂದು ಕೌಂಟಿ ರಸ್ತೆಯ ಪ್ರಕರಣ ಅಧ್ಯಯನ

ಇದು 7 ಮೈಲಿ ಉದ್ದದ ಒಂದು ರಸ್ತೆಯ ಕಥೆ. ರಸ್ತೆ ಇರುವುದು ಅಮೆರಿಕದ ಅಯೋವಾ ರಾಜ್ಯದ ಉತ್ತರ ಭಾಗದ ಒಂದು ಕೌಂಟಿಯಲ್ಲಿ. ಒಡೆದು ಹೋದ ಡಾಂಬರನ್ನು ಕಿತ್ತು ಜಲ್ಲಿ ರಸ್ತೆ ಮಾಡಬೇಕೋ, ಸಾಲ ಮಾಡಿಯಾದರೂ ಮತ್ತೆ ಡಾಂಬರು ಹಾಕಬೇಕೋ ಅಂತ ನಮ್ಮ ಕಚೇರಿ ನಾಲ್ಕು ವರ್ಷ ಒದ್ದಾಡಿತು. ನಾನು ಅಲ್ಲಿನ ರಸ್ತೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಸಿವಿಲ್ ಓದಿದ್ದು ದಾವಣಗೆರೆಯಲ್ಲಿ. ಎಲ್ಲಿ ಎಡವಿದೆವು, ಯಾವ ಮಾತು ದಾರಿ ತೋರಿಸಿತು ಅನ್ನುವುದು ರಸ್ತೆ ಕೆಲಸದಲ್ಲಿರುವ ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಬರೆದಿಡುತ್ತಿದ್ದೇನೆ.

ಕೌಂಟಿಯ ಹೆಸರು ಹೇಳುವುದಿಲ್ಲ. ರಸ್ತೆಯ ಎರಡು ತುದಿಯ ಊರುಗಳಿಗೆ ನಾನೇ ಹೆಸರಿಟ್ಟಿದ್ದೇನೆ: ಪೂರ್ವದ್ದು ಮೂಡಲೂರು, ಪಶ್ಚಿಮದ್ದು ಪಡುವಲೂರು. ಜನರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ಮೊದಲು ಜಾಗ ಕಣ್ಣಿಗೆ ಕಟ್ಟಬೇಕು. ಅಯೋವಾದಲ್ಲಿ 99 ಕೌಂಟಿಗಳಿವೆ. ಸಾಮಾನ್ಯವಾಗಿ ಒಂದು ಕೌಂಟಿ 24 ಮೈಲಿ ಉದ್ದ, 24 ಮೈಲಿ ಅಗಲ. ನಮ್ಮ ಕಡೆಯ ಒಂದು ದೊಡ್ಡ ತಾಲ್ಲೂಕು ಅಂದುಕೊಳ್ಳಿ. 1785ರಲ್ಲಿ ಬಂದ ಭೂಮಾಪನದ ಕಾನೂನಿನ ಪ್ರಕಾರ ಈ ನೆಲವನ್ನೆಲ್ಲ ಚೌಕ ಚೌಕವಾಗಿ ಅಳೆದರು. 6 ಮೈಲಿ ಚೌಕದ ಒಂದೊಂದು ಟೌನ್‌ಶಿಪ್. ಅದರೊಳಗೆ ಮೈಲಿಗೊಂದರಂತೆ 36 ಸೆಕ್ಷನ್. ಒಂದು ಸೆಕ್ಷನ್ ಅಂದರೆ 640 ಎಕರೆ. ಬಹುಪಾಲು ಸೆಕ್ಷನ್ ಗಡಿಗಳ ಮೇಲೆ ರಸ್ತೆಗೆ ಅಂತ 66 ಅಡಿ ಜಾಗ ಬಿಟ್ಟರು. 66 ಅಡಿ ಯಾಕೆ ಅಂದರೆ ಸರ್ವೆಯವರ ಸರಪಳಿಯ ಉದ್ದ ಅಷ್ಟೇ. ಇವತ್ತಿಗೂ ನಾವು ಚರಂಡಿ, ಮಣ್ಣಿನ ಅಂಚು, ರಸ್ತೆ ಎಲ್ಲವನ್ನೂ ಆ 66 ಅಡಿಯೊಳಗೇ ಕೂರಿಸಬೇಕು. ಮೈಲಿಗಟ್ಟಲೆ ನೇರವಾಗಿ ಹೋಗುವ ರಸ್ತೆ ಕೆಲವು ಕಡೆ ಇದ್ದಕ್ಕಿದ್ದ ಹಾಗೆ ಪಕ್ಕಕ್ಕೆ ಸರಿದು ಮತ್ತೆ ನೇರವಾಗುತ್ತದೆ. ಉತ್ತರಕ್ಕೆ ಹೋದ ಹಾಗೆ ರೇಖಾಂಶಗಳು ಒಂದಕ್ಕೊಂದು ಹತ್ತಿರ ಬರುತ್ತವಲ್ಲ, ಆ ವ್ಯತ್ಯಾಸವನ್ನು ಸರ್ವೆಯವರು ಅಲ್ಲಲ್ಲಿ ಹೀಗೆ ಸರಿಮಾಡಿದ್ದಾರೆ. ನೂರೈವತ್ತು ವರ್ಷಕ್ಕೂ ಹಿಂದಿನ ಲೆಕ್ಕವೊಂದು ಸ್ಟಿಯರಿಂಗ್ ಹಿಡಿದ ಕೈಗೆ ತಿಳಿಯುತ್ತದೆ. ನನಗೆ ಅದು ಈಗಲೂ ಅಚ್ಚರಿ.

ಈ ರಾಜ್ಯದಲ್ಲಿ ಕೌಂಟಿಗಳ ಕೈಯಲ್ಲಿ ಸುಮಾರು 90,000 ಮೈಲಿ ರಸ್ತೆ ಇದೆ. ಅದರಲ್ಲಿ ಡಾಂಬರು, ಕಾಂಕ್ರೀಟು ಕಂಡದ್ದು ಕಡಿಮೆ. ಹೆಚ್ಚಿನದು ಜಲ್ಲಿ ರಸ್ತೆ, ನಮ್ಮ ಉತ್ತರ ಕರ್ನಾಟಕದವರು ಗರಸಿನ ರಸ್ತೆ ಅನ್ನುತ್ತಾರಲ್ಲ, ಆ ಥರ. ಕೆಲವು ಬರೀ ಮಣ್ಣು. ಅಂಥ ಕಡೆ 'ಲೆವೆಲ್ ಬಿ' ಅಂತ ಬೋರ್ಡ್ ಇರುತ್ತದೆ, ಹೋಗುವುದಾದರೆ ನಿಮ್ಮ ಹೊಣೆ ಅಂತ ಅರ್ಥ. ಕೌಂಟಿಯ ಆಡಳಿತ ಜನ ಆರಿಸಿದ ಮೂವರ ಅಥವಾ ಐವರ ಮಂಡಳಿಯದು. ಅವರನ್ನು ಸೂಪರ್‌ವೈಸರ್ ಅನ್ನುತ್ತಾರೆ. ನಮ್ಮಲ್ಲಿ ಮೂವರು. ಅವರ ಕೆಳಗೆ ಲೈಸೆನ್ಸ್ ಇರುವ ಒಬ್ಬ ಎಂಜಿನಿಯರ್. ದುಡ್ಡು ಬರುವುದು ಮುಖ್ಯವಾಗಿ ಪೆಟ್ರೋಲ್ ತೆರಿಗೆಯ ಪಾಲಿನಿಂದ ಮತ್ತು ಆಸ್ತಿ ತೆರಿಗೆಯಿಂದ. ಪೆಟ್ರೋಲ್ ತೆರಿಗೆಯನ್ನು 1989ರ ನಂತರ ಏರಿಸಿದ್ದು 2015ರಲ್ಲಿ, ಗ್ಯಾಲನ್‌ಗೆ 10 ಸೆಂಟ್. ಅಷ್ಟು ವರ್ಷ ಡಾಂಬರಿನ ಬೆಲೆ ನಿಂತಲ್ಲೇ ನಿಂತಿರಲಿಲ್ಲ.

ಇನ್ನು ಊರುಗಳು. ಈ ಸೀಮೆಯ ಸಣ್ಣ ಊರುಗಳನ್ನು ಹುಟ್ಟಿಸಿದ್ದು ರೈಲು. ರೈತ ಕುದುರೆಗಾಡಿಯಲ್ಲಿ ಕಾಳು ತಂದು ಹಾಕಿ ಅದೇ ದಿನ ಮನೆ ಸೇರಬೇಕು. ಆ ಲೆಕ್ಕದಲ್ಲಿ ಆರೇಳು ಮೈಲಿಗೊಂದು ಸ್ಟೇಷನ್, ಸ್ಟೇಷನ್ ಪಕ್ಕ ಎಲಿವೇಟರ್ (ಕಾಳು ಕೂಡಿಡುವ ಎತ್ತರದ ಉಗ್ರಾಣ), ಅದರ ಸುತ್ತ ಊರು. ಮೂಡಲೂರು, ಪಡುವಲೂರು ಎರಡೂ ಹಾಗೇ ಹುಟ್ಟಿದವು. 1980ರಲ್ಲಿ ರಾಕ್ ಐಲ್ಯಾಂಡ್ ಎಂಬ ದೊಡ್ಡ ರೈಲು ಕಂಪನಿ ಮುಚ್ಚಿತು. ಆ ದಶಕದಲ್ಲಿ ಅಯೋವಾದ ಎಷ್ಟೋ ಕವಲು ಹಳಿಗಳು ಎದ್ದು ಹೋದವು. ನಮ್ಮ ಎರಡು ಊರಿನ ನಡುವಿನ ಹಳಿಯೂ ಹೋಯಿತು. ಆಮೇಲೆ ಶಾಲೆ ಪಕ್ಕದ ಊರಿನ ಶಾಲೆಯ ಜೊತೆ ಸೇರಿತು. ದಿನಸಿ ಅಂಗಡಿ ಮುಚ್ಚಿತು. ಬ್ಯಾಂಕ್ ಹೋಯಿತು. 2012ರಲ್ಲಿ ದೇಶದ ಸಾವಿರಾರು ಸಣ್ಣ ಅಂಚೆ ಕಚೇರಿಗಳ ಸಮಯ ಕಡಿತವಾದಾಗ ಮೂಡಲೂರಿನ ಅಂಚೆ ಕಚೇರಿಯೂ ದಿನಕ್ಕೆ 4 ಗಂಟೆಗೆ ಇಳಿಯಿತು. ಈಗ ಮೂಡಲೂರಿನಲ್ಲಿ ಇನ್ನೂರು ಚಿಲ್ಲರೆ ಜನ ಇದ್ದಾರೆ. ಒಂದು ಎಲಿವೇಟರ್, ಎರಡು ಚರ್ಚು, ಒಂದು ಕೆಫೆ, ಊರಿನವರೇ ನಡೆಸುವ ಅಗ್ನಿಶಾಮಕ ಠಾಣೆ ಇದೆ. ಪಡುವಲೂರಿನಲ್ಲಿ ನೂರಕ್ಕೂ ಕಡಿಮೆ ಜನ.

ಎರಡನ್ನೂ ಸೇರಿಸುವ ರಸ್ತೆಗೆ 1970ರ ದಶಕದಲ್ಲಿ ಡಾಂಬರು ಬಿತ್ತು. ಹಳೆ ಜಲ್ಲಿ ರಸ್ತೆಯ ಮೇಲೇ ತೆಳುವಾಗಿ ಹಾಕಿದ ಡಾಂಬರು. ಈ ಕೊನೆಯ ಮಾತನ್ನು ನೆನಪಿಡಿ.

ರಸ್ತೆ ಯಾಕೆ ಒಡೆಯುತ್ತಿತ್ತು

ಡಾಂಬರು ಹಾಕಿದ ಕಾಲಕ್ಕೆ ಕಾಳು ಹೋಗುತ್ತಿದ್ದುದು ಸಣ್ಣ ಟ್ರಕ್ಕಿನಲ್ಲಿ, ಹತ್ತಿರದ ಎಲಿವೇಟರ್‌ಗೆ, ಅಲ್ಲಿಂದ ರೈಲಿಗೆ. ಈಗ ರೈತರ ಹತ್ತಿರವೇ 5 ಅಚ್ಚಿನ ಸೆಮಿ ಲಾರಿ ಇದೆ. ತುಂಬಿದರೆ 80,000 ಪೌಂಡ್, ಅಂದರೆ ಸುಮಾರು 36 ಟನ್. ಕೊಯ್ಲಿನ ಕಾಲದಲ್ಲಿ ರಾಜ್ಯಪಾಲರ ವಿಶೇಷ ಆದೇಶದ ಮೇಲೆ 90,000 ಪೌಂಡ್‌ವರೆಗೂ ಪರ್ಮಿಟ್ ಇಲ್ಲದೆ ಓಡಿಸಬಹುದು. ಅಯೋವಾದ ಮುಸುಕಿನ ಜೋಳದ ಅರ್ಧಕ್ಕಿಂತ ಹೆಚ್ಚು ಪಾಲು ಎಥನಾಲ್ ಕಾರ್ಖಾನೆಗೆ ಹೋಗುತ್ತದೆ. ರಾಜ್ಯದಲ್ಲಿ ಜನ ಸುಮಾರು 32 ಲಕ್ಷ, ಹಂದಿ 2 ಕೋಟಿಗೂ ಜಾಸ್ತಿ. ಆ ಹಂದಿಗಳಿಗೆ ಮೇವು ಬರುವುದೂ ಲಾರಿಯಲ್ಲಿ, ವರ್ಷವಿಡೀ.

1958ರಿಂದ 1960ರವರೆಗೆ ಪಕ್ಕದ ಇಲಿನಾಯ್ ರಾಜ್ಯದ ಒಟ್ಟಾವ ಎಂಬಲ್ಲಿ ಒಂದು ದೊಡ್ಡ ಪ್ರಯೋಗ ನಡೆದಿತ್ತು. ಪರೀಕ್ಷೆಗೆಂದೇ ಕಟ್ಟಿದ ರಸ್ತೆಗಳ ಮೇಲೆ ಲಾರಿಗಳನ್ನು ಸುತ್ತಿಸಿ ಸುತ್ತಿಸಿ ನೋಡಿದರು. ಅದರಿಂದ ಬಂದ ಲೆಕ್ಕ ಇಂದಿಗೂ ನಮ್ಮ ಕೆಲಸದ ತಳಹದಿ: ಒಂದು ಅಚ್ಚಿನ ಮೇಲಿನ ಭಾರ ದುಪ್ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟಾಗುತ್ತದೆ. ಕಾರುಗಳು ಎಷ್ಟು ಓಡಾಡಿದರೂ ರಸ್ತೆಗೆ ಏನೂ ಆಗುವುದಿಲ್ಲ ಅಂತಲೇ ಹೇಳಬಹುದು. ಲಾರಿಯೇ ಎಲ್ಲ.

ಅದರ ಜೊತೆಗೆ ಚಳಿ. ಇಲ್ಲಿ ಜನವರಿಯಲ್ಲಿ ನೆಲ ನಾಲ್ಕೈದು ಅಡಿ ಆಳದವರೆಗೂ ಹೆಪ್ಪುಗಟ್ಟಬಹುದು. ಮಾರ್ಚಿನಲ್ಲಿ ಬಿಸಿಲು ಬಂದಾಗ ಮಂಜುಗಡ್ಡೆ ಮೇಲಿನಿಂದ ಕರಗುತ್ತಾ ಬರುತ್ತದೆ. ಕೆಳಗಿನ ಮಣ್ಣು ಇನ್ನೂ ಕಲ್ಲು. ಕರಗಿದ ನೀರಿಗೆ ಕೆಳಗೂ ದಾರಿ ಇಲ್ಲ, ಪಕ್ಕಕ್ಕೂ ದಾರಿ ಇಲ್ಲ. ಮೇಲೆ ತೆಳು ಡಾಂಬರಿನ ಮುಚ್ಚಳ, ಒಳಗೆ ಮೊಸರಿನಂಥ ಮಣ್ಣು. ಅದರ ಮೇಲೆ 36 ಟನ್. ರಸ್ತೆಯ ಮೇಲೆ ಮೊದಲು ಮೊಸಳೆ ಚರ್ಮದ ಹಾಗೆ ಬಿರುಕು ಕಾಣಿಸುತ್ತದೆ, ವಾರದಲ್ಲಿ ಗುಂಡಿ.

ನಾವು ಮೊದಲು ಮಾಡಿದ್ದು

ಮೊದಲ ಎರಡು ವರ್ಷ ತೇಪೆ ಹಚ್ಚಿದೆವು. ಗುಂಡಿಗೆ ಡಾಂಬರು ಮಿಶ್ರಣ ಸುರಿದು ಗುದ್ದುವುದು, ಮುಂದಿನ ಮಾರ್ಚಿಗೆ ಅದೇ ಗುಂಡಿಯ ಅಂಚು ಒಡೆದು ಇನ್ನೂ ಅಗಲವಾಗುವುದು. ವಸಂತದಲ್ಲಿ ಭಾರದ ಮಿತಿ ಹಾಕಿ ಬೋರ್ಡ್ ನೆಟ್ಟೆವು. ಆದರೆ ಹಂದಿಗಳಿಗೆ ಮೇವು ನಿಲ್ಲಿಸುವ ಹಾಗಿಲ್ಲವಲ್ಲ. ಲಾರಿಗಳು ಬಂದವು. ಒಂದು ಮೈಲಿಗೆ ಮೇಲ್ಪದರ ಹಾಕಿ ನೋಡಿದೆವು. ಎರಡನೇ ಚಳಿಗಾಲ ಕಳೆಯುವಷ್ಟರಲ್ಲಿ ಹಳೆಯ ಬಿರುಕುಗಳೆಲ್ಲ ಹೊಸ ಪದರದ ಮೇಲೆ ಮೂಡಿದವು.

7 ಮೈಲಿಯನ್ನೂ ತಳದಿಂದ ಕಟ್ಟಿ ಡಾಂಬರು ಹಾಕುವ ಅಂದಾಜು ಪಟ್ಟಿ ಮಾಡಿದಾಗ, ಕೌಂಟಿಯ ಹಲವು ವರ್ಷದ ಕಾಮಗಾರಿ ಹಣ ಆ ಒಂದು ರಸ್ತೆಗೇ ಮುಗಿಯುವಂತಿತ್ತು. ಇತ್ತ ಭಾರ ತಡೆಯದ ಹಳೆ ಸೇತುವೆಗಳ ಪಟ್ಟಿ ಬೇರೆ ಇತ್ತು. ಕೆಟ್ಟ ಸ್ಥಿತಿಯ ಸೇತುವೆಗಳ ಸಂಖ್ಯೆಯಲ್ಲಿ ಅಯೋವಾ ದೇಶಕ್ಕೇ ಮುಂದಿದೆ. ಹಾಗಾಗಿ ಡಾಂಬರು ಪುಡಿ ಮಾಡಿ ಜಲ್ಲಿ ರಸ್ತೆಗೆ ಮರಳುವ ಪ್ರಸ್ತಾಪ ತಯಾರಾಯಿತು. ಅಮೆರಿಕದ ಹಲವು ರಾಜ್ಯಗಳಲ್ಲಿ ಕೌಂಟಿಗಳು ಈ ದಾರಿ ಹಿಡಿದಿದ್ದವು. ನಾವು ಹೊಸದೇನೂ ಹೇಳುತ್ತಿರಲಿಲ್ಲ.

ಪ್ರಸ್ತಾಪಕ್ಕೆ ಆಧಾರವಾಗಿ ವಾಹನಗಳನ್ನು ಎಣಿಸಿದೆವು. ರಸ್ತೆಗೆ ಅಡ್ಡಲಾಗಿ ಕಪ್ಪು ರಬ್ಬರ್ ಕೊಳವೆ ಹಾಸಿ, ಕಂಬಕ್ಕೆ ಪುಟ್ಟ ಪೆಟ್ಟಿಗೆ ಬಿಗಿಯುತ್ತೇವೆ. ಚಕ್ರ ಹತ್ತಿದಾಗೆಲ್ಲ ಒಂದು ಲೆಕ್ಕ. ನಮ್ಮಲ್ಲಿ ಆ ಕೆಲಸಕ್ಕೆ ಬೇಸಿಗೆ ರಜೆಯಲ್ಲಿ ಬರುವ ವಿದ್ಯಾರ್ಥಿಗಳಿದ್ದರು. ಹಾಗಾಗಿ ಎಣಿಸಿದ್ದು ಜುಲೈನಲ್ಲಿ. ಬಂದ ಸಂಖ್ಯೆ ತುಂಬಾ ಕಡಿಮೆ. ಇಷ್ಟು ಕಡಿಮೆ ಓಡಾಟಕ್ಕೆ ಡಾಂಬರು ಬೇಡವೇ ಬೇಡ ಅಂತ ವರದಿಯಲ್ಲಿ ಬರೆದೆವು. ಆ ವಾಕ್ಯ ಬರೆದದ್ದು ನಾನೇ.

ಮೂಡಲೂರಿನ ಸಭೆ

ಸಭೆ ಕರೆದದ್ದು ಹಳೆ ಶಾಲೆಯ ಆಟದ ಹಾಲ್‌ನಲ್ಲಿ. ಶಾಲೆ ಹೋದ ಮೇಲೆ ಊರಿನವರು ಆ ಕಟ್ಟಡವನ್ನು ಮದುವೆ, ತಿಥಿ ಊಟಕ್ಕೆ ಇಟ್ಟುಕೊಂಡಿದ್ದಾರೆ. ಮಡಚುವ ಕುರ್ಚಿಗಳು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ನಾವು ಪರದೆಯ ಮೇಲೆ ಖರ್ಚಿನ ಗೀಟು, ವಾಹನಗಳ ಲೆಕ್ಕ ತೋರಿಸಿದೆವು. ಯಾರೂ ಮಧ್ಯೆ ಮಾತಾಡಲಿಲ್ಲ. ಇಲ್ಲಿನ ಜನ ಹಾಗೇ, ಮುಗಿಯುವವರೆಗೂ ಸುಮ್ನೆ ಕೇಳುತ್ತಾರೆ.

ಮುಗಿದ ಮೇಲೆ ಎಂಬತ್ತು ದಾಟಿದ ಒಬ್ಬ ಅಜ್ಜಿ ಎದ್ದು ನಿಂತರು. ಅವರು ಅದೇ ಶಾಲೆಯಲ್ಲಿ ಪಾಠ ಮಾಡಿದವರು. ಅವರು ಹೇಳಿದ್ದರ ಸಾರ ಇಷ್ಟು. "ರೈಲು ತೆಗೆದಾಗ ಲೆಕ್ಕ ತೋರಿಸಿದರು. ಶಾಲೆ ತೆಗೆದಾಗಲೂ ಲೆಕ್ಕ ತೋರಿಸಿದರು. ಅಂಚೆ ಕಚೇರಿಗೂ ಲೆಕ್ಕ ಇತ್ತು. ಪ್ರತಿ ಸಲ ಲೆಕ್ಕ ಸರಿಯಾಗೇ ಇರುತ್ತದೆ. ನಾವು ಮಾತ್ರ ಅದರಲ್ಲಿ ಇರುವುದಿಲ್ಲ."

ಹಾಲ್ ನಿಶ್ಶಬ್ದವಾಯಿತು. ಆಮೇಲೆ ಒಬ್ಬೊಬ್ಬರೇ ಎದ್ದರು. ಕೆಫೆ ನಡೆಸುವವರು ರ‍್ಯಾಗ್‌ಬ್ರೈ ವಿಷಯ ತೆಗೆದರು. ಅದು 1973ರಲ್ಲಿ ಶುರುವಾದ ಸೈಕಲ್ ಯಾತ್ರೆ. ಈಗ ಜುಲೈನಲ್ಲಿ ಸಾವಿರಾರು ಜನ ಸೈಕಲ್ ತುಳಿದು ಅಯೋವಾವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟುತ್ತಾರೆ. ದಾರಿ ವರ್ಷ ವರ್ಷವೂ ಬದಲಾಗುತ್ತದೆ. ದಾರಿಯಲ್ಲಿ ಸಿಕ್ಕ ಸಣ್ಣ ಊರಿಗೆ ಅದು ಜಾತ್ರೆ. ಡಾಂಬರು ಹೋದರೆ ಆ ಜಾತ್ರೆ ನಮ್ಮೂರಿಗೆ ಯಾವತ್ತೂ ಬರುವುದಿಲ್ಲ ಅಂದರು. ಶಾಲಾ ಬಸ್ ಓಡಿಸುವ ಮಹಿಳೆ ಕೇಳಿದ ಪ್ರಶ್ನೆ ತೀರಾ ಸರಳ: "ಜುಲೈನಲ್ಲಿ ಎಣಿಸಿದಿರಲ್ಲ, ಆಗ ಶಾಲೆ ಇರುತ್ತದೆಯೇ? ಕೊಯ್ಲು ಇರುತ್ತದೆಯೇ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ವರದಿಯಲ್ಲಿ ದಿನಾಂಕ ಇತ್ತು, ನಮಗೆ ಅದು ಕಾಣಿಸಿರಲಿಲ್ಲ ಅಷ್ಟೇ.

ಮನೆಗೆ ವಾಪಸ್ ಬರುವಾಗ ನನಗೆ ನಮ್ಮಜ್ಜನ ಊರು ನೆನಪಾಯಿತು. ಎರೆ ಮಣ್ಣಿನ ಸೀಮೆ. ಮಳೆ ಬಂದರೆ ಚಪ್ಪಲಿ ಕೈಯಲ್ಲಿ. ಆ ಊರಿಗೆ ಡಾಂಬರು ಬಂದ ವರ್ಷವನ್ನು ಜನ ಮದುವೆ, ಸಾವುಗಳ ವರ್ಷ ಗುರುತು ಹಿಡಿಯಲು ಬಳಸುತ್ತಿದ್ದರು. ಡಾಂಬರು ಅಂದರೆ ಬರೀ ನುಣುಪು ನೆಲ ಅಲ್ಲ, ನಮ್ಮನ್ನೂ ಸರ್ಕಾರ ಲೆಕ್ಕಕ್ಕೆ ಹಿಡಿದಿದೆ ಅನ್ನುವ ಗುರುತು. ಇದು ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಆದರೂ ವರದಿ ಬರೆಯುವಾಗ ನೆನಪಿಗೆ ಬರಲಿಲ್ಲ.

ಮಂಡಳಿ ಪ್ರಸ್ತಾಪವನ್ನು ಒಂದು ವರ್ಷ ಮುಂದಕ್ಕೆ ಹಾಕಿತು. ಸೂಪರ್‌ವೈಸರ್‌ಗಳಲ್ಲಿ ಒಬ್ಬರು ಇನ್ನೊಂದು ಷರತ್ತು ಹಾಕಿದರು: ಮತ್ತೆ ಎಣಿಸಿ, ಈ ಸಲ ಅಕ್ಟೋಬರ್‌ನಲ್ಲಿ, ಮತ್ತು ಎಷ್ಟು ಅನ್ನುವುದರ ಜೊತೆ ಯಾವ ವಾಹನ, ಎಲ್ಲಿಂದ ಎಲ್ಲಿಗೆ ಅಂತಲೂ ನೋಡಿ. ಈ ಪ್ರಕರಣದಲ್ಲಿ ನಾನು ಕಂಡ ಅತ್ಯಂತ ಒಳ್ಳೆಯ ನಿರ್ಧಾರ ಅದು.

ಎರಡನೇ ಎಣಿಕೆ, ಮತ್ತು ಹಳದಿ ಜೋಳ

ಅಕ್ಟೋಬರ್‌ನಲ್ಲಿ ಮೂರು ಕಡೆ ಕೊಳವೆ ಹಾಸಿದೆವು. ಒಂದೇ ರಸ್ತೆ ಅಂದುಕೊಂಡದ್ದು ಎರಡು ರಸ್ತೆ ಅಂತ ಆಗ ಗೊತ್ತಾಯಿತು. ಮೂಡಲೂರಿನ ಕಡೆಯ 3 ಮೈಲಿಯಲ್ಲಿ ಲಾರಿಗಳು ಸಾಲುಗಟ್ಟಿದ್ದವು. ಆ 3 ಮೈಲಿಯಲ್ಲೇ ಹಂದಿ ಸಾಕಣೆಯ ಕೊಟ್ಟಿಗೆಗಳಿವೆ, ಅಲ್ಲಿಂದ ರಾಜ್ಯ ಹೆದ್ದಾರಿಗೆ ಹೋಗುವ ತಿರುವಿದೆ. ಉಳಿದ 4 ಮೈಲಿಯಲ್ಲಿ ಕೊಯ್ಲಿನ ಕೆಲವು ವಾರ ಬಿಟ್ಟರೆ ಶಾಲಾ ಬಸ್, ಅಂಚೆಯವರ ಕಾರು, ಆರು ಮನೆಯವರು, ಅಷ್ಟೇ. 7 ಮೈಲಿಯ ಸರಾಸರಿ ತೆಗೆದಾಗ ಎರಡೂ ಮುಚ್ಚಿಹೋಗಿದ್ದವು.

ಅದೇ ಶರತ್ಕಾಲದಲ್ಲಿ ಇನ್ನೊಂದು ತಿರುವು ಬಂತು. ನಮ್ಮಲ್ಲಿ ಗ್ರೇಡರ್, ಅಂದರೆ ರಸ್ತೆ ಸವರಿ ಸಮ ಮಾಡುವ ಯಂತ್ರ, ಓಡಿಸುವ ಒಬ್ಬ ಹಿರಿಯರಿದ್ದರು. ಇಲ್ಲಿನವರು ಗ್ರೇಡರ್‌ಗೆ 'ಮೇಂಟೇನರ್' ಅನ್ನುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಸೀಮೆ ವಹಿಸಿರುತ್ತಾರೆ. ಇವರು ಮೂವತ್ತು ವರ್ಷದಿಂದ ಅದೇ ಸೀಮೆಯಲ್ಲಿ ಬೇಸಿಗೆಯಲ್ಲಿ ಜಲ್ಲಿ ಸವರಿ, ಚಳಿಗಾಲದಲ್ಲಿ ಹಿಮ ತಳ್ಳಿದವರು. ಅವರನ್ನು ಯಾರೂ ಸಭೆಗೆ ಕರೆದಿರಲಿಲ್ಲ. ನಾನು ಕೊಳವೆ ಬಿಚ್ಚುತ್ತಿದ್ದಾಗ ಗಾಡಿ ನಿಲ್ಲಿಸಿ ಕೆಳಗಿಳಿದು ಬಂದರು.

"ಆ ಹೊಲ ನೋಡಿ" ಅಂದರು. ರಸ್ತೆಯ ದಕ್ಷಿಣಕ್ಕೆ ಮುಸುಕಿನ ಜೋಳ ಕೊಯ್ದು ಮುಗಿದಿತ್ತು. ಒಂದು ಕಡೆ ಮಾತ್ರ ಕೂಳೆ ಮೊಣಕಾಲೆತ್ತರವೂ ಇರಲಿಲ್ಲ, ತೆಳ್ಳಗೆ, ಬಣ್ಣಗೆಟ್ಟಿತ್ತು. "ಈಗ ಆಚೆ ನೋಡಿ." ಉತ್ತರದ ಹೊಲದಲ್ಲೂ ಅಂಥದೇ ಒಂದು ತೇಪೆ. "ಜೂನ್‌ನಲ್ಲಿ ಎರಡೂ ಹಳದಿಯಾಗುತ್ತವೆ. ನಿಮ್ಮ ರಸ್ತೆ ಪ್ರತಿ ವರ್ಷ ಒಡೆಯುವುದು ಇಲ್ಲೇ. ಮೂರನ್ನೂ ಸೇರಿಸಿ ಒಂದು ಗೆರೆ ಎಳೆಯಿರಿ. ನೀವೆಲ್ಲ ಮೇಲೆ ನೋಡುತ್ತಿದ್ದೀರಿ. ನೀರು ಕೆಳಗಿದೆ."

ಇದು ಅರ್ಥವಾಗಬೇಕಾದರೆ ಅಯೋವಾದ ಉತ್ತರ ಭಾಗದ ನೆಲದ ಬಗ್ಗೆ ಸ್ವಲ್ಪ ಹೇಳಬೇಕು. ಇದು ಮೊದಲು ಜೌಗು ನೆಲ. ಹಿಮನದಿಗಳು ಬಿಟ್ಟು ಹೋದ ಚಪ್ಪಟೆ ಭೂಮಿ, ಎಲ್ಲಿ ನೋಡಿದರೂ ನೀರು ನಿಲ್ಲುವ ತಗ್ಗುಗಳು. ನೂರು ವರ್ಷಕ್ಕೂ ಹಿಂದೆ ರೈತರು ನೆಲದೊಳಗೆ ಸುಟ್ಟ ಮಣ್ಣಿನ ಕೊಳವೆ ಹೂತು ಈ ನೀರನ್ನು ಹೊರಗೆ ಹರಿಸಿದರು. ಇಲ್ಲಿ ಅದಕ್ಕೆ ಟೈಲ್ ಅಂತಲೇ ಹೆಸರು. ಅಡಿ ಉದ್ದದ ತುಂಡುಗಳನ್ನು ಒಂದರ ಮುಂದೆ ಒಂದು ಇಟ್ಟಿರುತ್ತಾರೆ, ಸಂದಿಯಿಂದ ನೀರು ಒಳಗೆ ಇಳಿಯುತ್ತದೆ. ಜಗತ್ತಿನ ಅತ್ಯಂತ ಫಲವತ್ತಾದ ಹೊಲಗಳು ಅಂತ ಕರೆಸಿಕೊಳ್ಳುವ ನೆಲದ ಗುಟ್ಟು ಈ ಕೊಳವೆಗಳು. ಅವು ರಸ್ತೆಗಳ ಕೆಳಗೂ ಹಾದು ಹೋಗುತ್ತವೆ. ಮೇಲಿನಿಂದ ಏನೂ ಕಾಣುವುದಿಲ್ಲ.

ಕೋರ್ಟ್‌ಹೌಸ್‌ನ ಕೆಳಮಾಳಿಗೆಯಲ್ಲಿ ಬಟ್ಟೆಯ ಮೇಲೆ ಬರೆದ ಹಳೆ ನಕ್ಷೆ ಸಿಕ್ಕಿತು. ಹಿರಿಯರು ಎಳೆದ ಗೆರೆಯ ಮೇಲೇ ಒಂದು ಮುಖ್ಯ ಟೈಲ್ ಇತ್ತು. ಜೆಸಿಬಿಯಂಥ ಯಂತ್ರದಲ್ಲಿ ಚರಂಡಿಯ ಅಂಚಿನಲ್ಲಿ ಅಗೆದೆವು. ನಾಲ್ಕಡಿ ಕೆಳಗೆ ಕೆಂಪು ಕೊಳವೆ ಸಿಕ್ಕಿತು. ರಸ್ತೆಯ ಕೆಳಗಿನ ಎರಡು ಮೂರು ತುಂಡು ಕುಸಿದು ಕೂತಿದ್ದವು. ಅದರಾಚೆಯ ತುಂಡನ್ನು ಹೊರಗೆ ತೆಗೆದಾಗ ಒಳಗೆ ಬೆರಳು ತೂರಿಸಲೂ ಜಾಗ ಇರಲಿಲ್ಲ. ಬೇಲಿಯ ಪಕ್ಕದ ಒಂದು ವಿಲೋ ಮರದ ಬೇರುಗಳು ಕೊಳವೆಯ ಆಕಾರಕ್ಕೇ ಬೆಳೆದು ತುಂಬಿಕೊಂಡಿದ್ದವು, ತೆಂಗಿನ ನಾರಿನ ಹಗ್ಗದ ಹಾಗೆ. ಬಿಡಿಸಿದರೆ ಬಿಡುತ್ತಿರಲಿಲ್ಲ. ಆ ತುಂಡು ಈಗಲೂ ನಮ್ಮ ಕಚೇರಿಯ ಕಿಟಕಿಯಲ್ಲಿದೆ.

ಎರಡು ವರ್ಷ ನಾವು ತೇಪೆ ಹಚ್ಚಿದ್ದು ಆ ಬೇರುಗಳ ಮೇಲೆ.

ಖರ್ಚು ಯಾರದು ಅನ್ನುವ ಮಾತು ಸಹಜವಾಗಿ ಬಂತು. ಇಂಥ ಮುಖ್ಯ ಕೊಳವೆಗಳು 'ಡ್ರೈನೇಜ್ ಡಿಸ್ಟ್ರಿಕ್ಟ್' (ಹೊಲದ ನೀರು ಹೊರಹಾಕುವ ವಲಯ) ಎಂಬ ಬೇರೆಯೇ ವ್ಯವಸ್ಥೆಗೆ ಸೇರುತ್ತವೆ. ಅದಕ್ಕೆ ಹೊಲದ ಮಾಲೀಕರು ದುಡ್ಡು ಕಟ್ಟುತ್ತಾರೆ. ಅಯೋವಾದಲ್ಲಿ ಅದರ ಟ್ರಸ್ಟಿಗಳು ಎಷ್ಟೋ ಕಡೆ ಇದೇ ಸೂಪರ್‌ವೈಸರ್‌ಗಳು. ನಮ್ಮಲ್ಲೂ ಹಾಗೇ ಇತ್ತು. ಅದೇ ಮೂವರು, ಅದೇ ಮೇಜು, ಫೈಲು ಮಾತ್ರ ಬೇರೆ. ಇಷ್ಟು ವರ್ಷ ರಸ್ತೆ ಫೈಲು ತೆರೆದಾಗ ಟೈಲ್ ಫೈಲು ಮುಚ್ಚಿರುತ್ತಿತ್ತು. ಮೊದಲ ಸಲ ಎರಡನ್ನೂ ಒಟ್ಟಿಗೆ ತೆರೆದು ಕೂತರು, ಎರಡೂ ಕಡೆಯಿಂದ ಹಣ ಹೊಂದಿಸಿದರು. ಹೊಲದವರೂ ಒಪ್ಪಿದರು. ಅವರ ಹಳದಿ ಜೋಳಕ್ಕೂ ಅದೇ ಪರಿಹಾರ ಅಲ್ವಾ.

ಎರಡನೇ ಸಭೆ

ಮರುವರ್ಷ ಫೆಬ್ರವರಿಯಲ್ಲಿ ಅದೇ ಹಾಲ್‌ನಲ್ಲಿ ಮತ್ತೆ ಸೇರಿದೆವು. ಈ ಸಲ ಮೊದಲು ಮಾತಾಡಿದ್ದು ಗ್ರೇಡರ್ ಹಿರಿಯರು. ಕೊಳವೆಯ ತುಂಡನ್ನು ಕೈಯಿಂದ ಕೈಗೆ ದಾಟಿಸಿದೆವು. ಜುಲೈ ಎಣಿಕೆ ತಪ್ಪು ಅಂತ ನಮ್ಮ ಎಂಜಿನಿಯರ್ ಎದ್ದು ನಿಂತು ಒಪ್ಪಿಕೊಂಡರು. ನಂತರ ಹೊಸ ಪ್ರಸ್ತಾಪ: ಕೊಳವೆ ಬದಲಿಸಿ, ಮೂಡಲೂರಿನ ಕಡೆಯ 3 ಮೈಲಿಯನ್ನು ತಳದಿಂದ ಗಟ್ಟಿ ಮಾಡಿ ಡಾಂಬರು ಹಾಕುವುದು. ಉಳಿದ 4 ಮೈಲಿ ಜಲ್ಲಿ.

ಪಡುವಲೂರಿನವರಿಗೆ ಇದು ಕಹಿಯೇ ಆಗಿತ್ತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವರ ಊರಿಗೆ ಬೇರೆ ದಿಕ್ಕಿನಿಂದ ಡಾಂಬರು ರಸ್ತೆ ಇದೆ, ಆದರೆ ಅವರ ಚರ್ಚು, ಅವರ ಎಲಿವೇಟರ್ ಎಲ್ಲ ಮೂಡಲೂರಿನಲ್ಲಿ. ಆರು ಮನೆಯವರು ಮೂರು ಮಾತು ಕೇಳಿದರು. ಮನೆ ಮುಂದೆ ಧೂಳು ಏಳದ ಹಾಗೆ ಮಾಡಬೇಕು. ಹಿಮ ಬಿದ್ದಾಗ ಶಾಲಾ ಬಸ್‌ಗೆ ಮೊದಲು ನಮ್ಮ ರಸ್ತೆ ತೆಗೆಯಬೇಕು. ಮೂರು ವರ್ಷದ ಮೇಲೆ ಇದೇ ಹಾಲ್‌ಗೆ ಬಂದು ಏನಾಯಿತು ಅಂತ ಹೇಳಬೇಕು. ಧೂಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಸಿಂಪಡಿಸುತ್ತಾರೆ. ಅದು ಗಾಳಿಯ ತೇವ ಎಳೆದುಕೊಂಡು ಮಣ್ಣನ್ನು ಹಿಡಿದಿಡುತ್ತದೆ. ಬಹಳ ಕೌಂಟಿಗಳಲ್ಲಿ ಅದಕ್ಕೆ ಮನೆಯವರೇ ದುಡ್ಡು ಕೊಡಬೇಕು. ಇಲ್ಲಿ ಕೌಂಟಿಯೇ ಕೊಡಲಿ ಅಂತ ಮಂಡಳಿ ಒಪ್ಪಿತು. ಮೂರೂ ಮಾತನ್ನು ನಿರ್ಣಯದಲ್ಲಿ ಬರೆಸಿದರು.

ಆಮೇಲೆ ಆದದ್ದು

ಎಲ್ಲವೂ ಸಲೀಸಾಗಿ ಹೋಯಿತು ಅಂತ ಅಲ್ಲ. ಜಲ್ಲಿ ಹಾಕಿದ ಮೊದಲ ಬೇಸಿಗೆ ನಮಗೆ ಪಾಠವೇ ಆಯಿತು. ಹಳೆ ಡಾಂಬರನ್ನು ತಳದ ಜೊತೆ ಪುಡಿ ಮಾಡಿ ಹರಡಿ, ಮೇಲೆ ಹೊಸ ಜಲ್ಲಿ ಹಾಕಿದೆವು. ಆದರೆ ತಂದ ಜಲ್ಲಿ ತೀರಾ ಸ್ವಚ್ಛವಾಗಿತ್ತು, ಡಾಂಬರಿನ ತಳಕ್ಕೆ ಬಳಸುವಂಥದು. ಜಲ್ಲಿ ರಸ್ತೆಗೆ ಕಲ್ಲು, ಮರಳು ಎರಡೇ ಸಾಲದು, ಅವನ್ನು ಅಂಟಿಸುವ ಜೇಡಿಯಂಥ ನುಣ್ಣನೆ ಮಣ್ಣೂ ಬೇಕು. ಇಲ್ಲದಿದ್ದರೆ ಕಲ್ಲು ಉರುಳುತ್ತವೆ, ಚಕ್ರ ಕುಪ್ಪಳಿಸುತ್ತದೆ, ಕುಪ್ಪಳಿಸಿದಲ್ಲೆಲ್ಲ ಸಣ್ಣ ಹಳ್ಳ. ಜುಲೈ ಹೊತ್ತಿಗೆ ರಸ್ತೆ ತಗಡಿನ ಶೀಟಿನ ಹಾಗೆ ಅಲೆ ಅಲೆಯಾಯಿತು. ಶಾಲೆ ಶುರುವಾದ ಮೊದಲ ವಾರವೇ ಬಸ್ ಓಡಿಸುವ ಮಹಿಳೆ ಕಚೇರಿಗೆ ಬಂದರು. ಬೈಯಲಿಲ್ಲ. ನನ್ನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಆ 4 ಮೈಲಿ ಹೋಗಿ ಬಂದರು. ಕಿಟಕಿಗಳ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ.

ಆ ಶರತ್ಕಾಲದಲ್ಲೇ ಜೇಡಿ ಅಂಶ ಇರುವ ಜಲ್ಲಿ ತರಿಸಿ, ಮೇಲಿನ ಪದರವನ್ನು ಕೆರೆದು ಬೆರೆಸಿದೆವು. ರಸ್ತೆಯ ನಡು ಎತ್ತರ, ಎರಡು ಪಕ್ಕ ತಗ್ಗು, ಆಮೆಯ ಬೆನ್ನಿನ ಹಾಗೆ ಇರಬೇಕು. ಅಡಿಗೆ ಅರ್ಧ ಇಂಚು ಇಳಿಜಾರು. ಡಾಂಬರಿಗೆ ಇದರ ಅರ್ಧ ಸಾಕು, ಜಲ್ಲಿಗೆ ಸಾಲದು. ಹಿರಿಯರು ನಿವೃತ್ತಿಯಾಗುವ ಮುಂಚೆ ಹೊಸ ಹುಡುಗನಿಗೆ ಅದನ್ನು ಕಲಿಸಿದರು. ಅವರ ಬುತ್ತಿ ಡಬ್ಬಿಯ ಪಕ್ಕ ಮಟ್ಟಗೋಲು ಯಾವಾಗಲೂ ಇರುತ್ತಿತ್ತು. ಹೂಳು ತುಂಬಿದ ಚರಂಡಿಗಳನ್ನು ಮತ್ತೆ ತೋಡಿದೆವು. ಎರಡನೇ ವರ್ಷದಿಂದ ಅಲೆಗಳು ಬಹಳ ಕಡಿಮೆಯಾದವು, ಪೂರ್ತಿ ಹೋಗಲಿಲ್ಲ. ಮಳೆ ಇಲ್ಲದ ಆಗಸ್ಟ್‌ನಲ್ಲಿ ಈಗಲೂ ಬರುತ್ತವೆ.

3 ಮೈಲಿಯ ಡಾಂಬರು ಚೆನ್ನಾಗಿದೆ. ಟೈಲ್ ಬದಲಿಸಿದ ಜಾಗದಲ್ಲಿ ಮೂರು ಚಳಿಗಾಲ ಕಳೆದರೂ ಬಿರುಕು ಬಂದಿಲ್ಲ. ಎರಡೂ ಬದಿಯ ಹೊಲ ಜೂನ್‌ನಲ್ಲಿ ಒಂದೇ ಹಸಿರು.

ಮಾತು ಕೊಟ್ಟಂತೆ ಮೂರನೇ ವರ್ಷ ಹಾಲ್‌ಗೆ ಹೋದೆವು. ಬಂದವರು ಕಡಿಮೆ, ಮೂವತ್ತು ಜನ ಇದ್ದಿರಬಹುದು. ಶಾಲೆಯ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮಗಳು ಬಂದಿದ್ದರು. ಪಡುವಲೂರಿನ ಒಬ್ಬರು, ಧೂಳಿಗೆ ಸಿಂಪಡಿಸುವುದು ಎರಡನೇ ವರ್ಷ ಮೂರು ವಾರ ತಡವಾಯಿತು, ಒಗೆದ ಬಟ್ಟೆ ಹೊರಗೆ ಹಾಕಲು ಆಗಲಿಲ್ಲ ಅಂದರು. ಅದು ನಿಜ. ಕಂಟ್ರಾಕ್ಟ್ ತಡವಾಗಿತ್ತು. ಈಗ ಆ ಕೆಲಸವನ್ನು ಮೇ ತಿಂಗಳ ಪಟ್ಟಿಯಲ್ಲಿ ಮೊದಲಿಗೆ ಹಾಕಿದ್ದೇವೆ. ಕೆಫೆಯವರು ಸೈಕಲ್ ಜಾತ್ರೆಯ ಮಾತು ಮತ್ತೆ ತೆಗೆದರು. ಅದಕ್ಕೆ ನಮ್ಮ ಹತ್ತಿರ ಕೊಡಲು ಏನೂ ಇರಲಿಲ್ಲ, ಹಾಗಂತಲೇ ಹೇಳಿದೆವು.

ಕೊನೆಯಲ್ಲಿ ಬಸ್ ಓಡಿಸುವ ಮಹಿಳೆ ಸೇತುವೆಯ ವಿಷಯ ಎತ್ತಿದರು. ಜಲ್ಲಿ ಭಾಗದ ಎರಡನೇ ಮೈಲಿಯಲ್ಲಿ ಮರದ ಕಂಬಗಳ ಮೇಲೆ ನಿಂತ ಹಳೆ ಸೇತುವೆ ಇದೆ. ಅದರ ಭಾರದ ಮಿತಿಯನ್ನು ಕಳೆದ ವರ್ಷ ಇನ್ನಷ್ಟು ಇಳಿಸಿದ್ದೇವೆ. ಮಕ್ಕಳು ತುಂಬಿದ ಬಸ್ ಆ ಮಿತಿಗೆ ತೀರಾ ಹತ್ತಿರ ಬರುತ್ತದೆ. ಸುತ್ತಿ ಹೋದರೆ ದಿನಕ್ಕೆ ಎರಡು ಸಲ 4 ಮೈಲಿ ಜಾಸ್ತಿ. ಸೇತುವೆಯ ಹೆಸರು ಐದು ವರ್ಷದ ಕಾಮಗಾರಿ ಪಟ್ಟಿಯಲ್ಲಿ ನಾಲ್ಕನೇ ವರ್ಷದಲ್ಲಿತ್ತು. ಮರುವಾರದ ಮಂಡಳಿ ಸಭೆಗೆ ಅದನ್ನು ಎರಡನೇ ವರ್ಷಕ್ಕೆ ತರುವ ಟಿಪ್ಪಣಿ ಬರೆದೆ. ಓಡಾಟದ ಲೆಕ್ಕ ಸೆಪ್ಟೆಂಬರ್‌ನಲ್ಲಿ, ಶಾಲೆ ನಡೆಯುತ್ತಿರುವಾಗ ತೆಗೆದದ್ದು ಅಂತ ಮೊದಲ ಸಾಲಿನಲ್ಲೇ ಬರೆದಿದ್ದೇನೆ.